ದಿನಕ್ಕೊಂದು ಡೌನ್‌ಲೋಡ್

ತಂಪು ಪೆಟ್ಟಿಗೆಯ ವೈರು ಗೋಡೆಯವರೆಗೆ ಮುಟ್ಟಲಿಲ್ಲ. ಬೆಳ್ಳಂಬೆಳಗ್ಗೆ ಆಸ್ಪತ್ರೆಯಿಂದ ಬಂದ ದೇಹವನ್ನು ಅದರೊಳಗೆ ಮಲಗಿಸಿ ಆಗಿತ್ತು. ಚಿಕ್ಕಪ್ಪ ಮಹಡಿಗೆ ಓಡಿ, ಅಪ್ಪನ ಮೇಜಿನ ಕೆಳಗಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಕಿತ್ತು ತಂದರು. ಪೆಟ್ಟಿಗೆ ಗುರ್ ಎಂದಿತು. ಗಾಜಿನ ಕೆಳಗೆ ಅಪ್ಪ, ಕನ್ನಡಕವಿಲ್ಲದೆ, ಬೇರೆ ಯಾರೋ ಅನ್ನಿಸುತ್ತಿದ್ದರು.

“ನಾಲ್ಕಕ್ಕೆ ಎತ್ತೋದು,” ಚಿಕ್ಕಪ್ಪ ಅಣ್ಣನ ಮಗಳಿಗೆ ಹೇಳಿದರು. “ಅಲ್ಲೀತನಕ ಕರೆಂಟ್ ನೋಡ್ಕೋ. ಹೋದ್ರೆ ಅಣ್ಣ ಎದ್ದು ಬೈತಾನೆ.”

ಅಮ್ಮ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ.

“ಆ ಒಬ್ರಿಗೆ ಯಾರಾದ್ರೂ ತಿಳಿಸಿದ್ರಾ?” ಎಂದಳು.

“ಯಾರಿಗೆ ಅತ್ತಿಗೆ?”

“ಇವರ ಹಳೇದನ್ನ ಇನ್ನೂ ಬಳಸ್ತಾರಲ್ಲ, ಅವರಿಗೆ.”

*

ಡೇಟಾಬೇಸಿಗೂ ಪ್ರೋಗ್ರಾಮಿಗೂ ಕೊಂಡಿಯಾಗುವ ಒಂದು ಪುಟ್ಟ ತಂತ್ರಾಂಶ. ಪ್ರೋಗ್ರಾಮಿಂಗ್ ಭಾಷೆಯ ಪ್ರತಿ ಆವೃತ್ತಿಗೂ ಹೊಂದುವಂತೆ ಅದನ್ನು ಬೇರೆ ಬೇರೆ ಪ್ಯಾಕೇಜ್ ಮಾಡಿ, ಬೇಕಾದವರಿಗೆ ಪುಕ್ಕಟೆಯಾಗಿ ಇಡುವುದು ಅಪ್ಪ ಆಫೀಸು ಮುಗಿಸಿ ಬಂದು ಮಾಡುತ್ತಿದ್ದ ಕೆಲಸ. ತೀರಾ ಹಳೆಯ ಆವೃತ್ತಿಯನ್ನು ಉಳಿದವರೆಲ್ಲ ಎಂದೋ ಕೈಬಿಟ್ಟಿದ್ದರು. ಆದರೂ ಅದರ ಲೆಕ್ಕದಲ್ಲಿ ದಿನಾ ಬೆಳಗ್ಗೆ ಹತ್ತಕ್ಕೆ ಒಂದು ಡೌನ್‌ಲೋಡ್ ಕಾಣುತ್ತಿತ್ತು.

ಮಗಳ ಪದವಿ ಸಮಾರಂಭದ ದಿನವೇ ಆ ಹಳೆಯ ಪ್ಯಾಕೇಜ್ ಕೈಕೊಟ್ಟಿತು. ಅಪ್ಪ ಮಹಡಿಯಿಂದ ಇಳಿಯಲಿಲ್ಲ.

“ಒಬ್ಬರಿಗೋಸ್ಕರಾನಾ ಅಪ್ಪಾ?”

“ಒಬ್ಬರು ಇದ್ದಾರಲ್ಲ ಮಗಳೇ. ಕೆಲಸ ನಿಂತ್ರೆ ಅವರು ಯಾರನ್ನ ಕೇಳ್ಬೇಕು?”

ಅಮ್ಮ ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. “ಬಾರೇ, ನಾವಿಬ್ರೇ ಹೋಗೋಣ. ಯಾವುದೋ ಸಣ್ಣ ಆಸ್ಪತ್ರೆ ಇರ್ಬೇಕು, ಪಾಪ.”

ಅಂದಿನಿಂದ ಆ ಒಬ್ಬರು ಅಮ್ಮನ ಪಾಲಿಗೆ ಆಸ್ಪತ್ರೆಯೇ ಆದರು. ಹೋಗದ ಪ್ರವಾಸ, ತಪ್ಪಿದ ಮದುವೆಮನೆ, ಆರಿ ತಣ್ಣಗಾದ ಊಟ, ಎಲ್ಲವನ್ನೂ ಅವಳು ಆ ಕಾಣದ ರೋಗಿಗಳಿಗೆ ಬಿಟ್ಟುಕೊಟ್ಟಳು.

*

ಮಧ್ಯಾಹ್ನ ಗಡ್ಡದ ಮಾವ ಬಂದರು. ಅದೇ ತಂತ್ರಾಂಶದಲ್ಲಿ ಅಪ್ಪನಿಗೆ ಜೊತೆಗಾರರಾಗಿದ್ದ ಸ್ನೇಹಿತರು. ಅಮ್ಮ ಕೇಳಿದಳೆಂದು ಫೋನ್ ತೆಗೆದು ನೋಡಿದರು.

“ಇವತ್ತು ಬಂದೇ ಇಲ್ವಲ್ಲ ಅತ್ತಿಗೆ. ಸೊನ್ನೆ ತೋರಿಸ್ತಿದೆ.”

“ಅವರಿಗೆ ಗೊತ್ತಾಗಿದೆ.” ಅಮ್ಮನ ದನಿ ಒಡೆಯಿತು. “ಅವರೂ ಇವತ್ತು ಕೆಲಸ ಮುಟ್ಟಿಲ್ಲ.”

ಕೊನೆಗೂ ಅತ್ತಳು.

ಮಗಳ ಕಣ್ಣು ನೆಲದ ಮೇಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ನಿಂತಿತು. ಗಡ್ಡದ ಮಾವನನ್ನು ಹೊರಗೆ ಕರೆದಳು.

“ಮಹಡೀಲಿ ಅಪ್ಪನ ಮೇಜಿನ ಕೆಳಗಿರೋ ಹಳೇ ಕಂಪ್ಯೂಟರ್ ಏನ್ ಮಾಡುತ್ತೆ ಮಾವ?”

“ಟೆಸ್ಟಿಂಗು. ದಿನಾ ಪ್ಯಾಕೇಜ್ ಇಳಿಸ್ಕೊಂಡು ಸರಿಯಿದೆಯಾ ನೋಡುತ್ತೆ. ಆದ್ರೆ ಅದು ಡೌನ್‌ಲೋಡ್ ಎಣಿಕೆಗೆ ಬರಲ್ಲಮ್ಮ. ಮನೆ ಇಂಟರ್ನೆಟ್ ವಿಳಾಸಾನ ನಿಮ್ಮಪ್ಪನೇ ಲೆಕ್ಕದಿಂದ ಹೊರಗಿಟ್ಟಿದ್ದ.”

“ಆಮೇಲೆ ನಾವು ಇಂಟರ್ನೆಟ್ ಕಂಪನಿ ಬದಲಾಯಿಸಿದ್ವಿ. ಇವತ್ತು ಬೆಳಗ್ಗೆ ಚಿಕ್ಕಪ್ಪ ಅದರ ವೈರ್ ಕಿತ್ರು.”

ಗಡ್ಡದ ಮಾವ ಫೋನ್ ತೆಗೆದು ಮತ್ತೆ ಆ ಸೊನ್ನೆ ನೋಡಿದರು.

“ಹೊಸ ವಿಳಾಸ ಸೇರಿಸೋದು ಮರ್ತಿದ್ದಾನೆ. ದಿನಾ ಎಣಿಕೆಗೆ ಬರ್ತಿದ್ದದ್ದು ಈ ಕಂಪ್ಯೂಟರೇ,” ಎಂದರು. “ನಾನೂ ನೋಡ್ಲಿಲ್ಲ. ಅಮ್ಮನಿಗೆ ಹೇಳ್ತೀಯಾ?”

ಅವಳು ಒಳಗೆ ಹೋಗಿ ಅಮ್ಮನ ಪಕ್ಕ ಕೂತಳು.

*

ಎಲ್ಲ ಮುಗಿಸಿ ಮರಳಿದಾಗ ಚಿಕ್ಕಪ್ಪ ಎಕ್ಸ್‌ಟೆನ್ಷನ್ ಬೋರ್ಡಿನ ವೈರು ಸುತ್ತುತ್ತಿದ್ದರು. “ಇದನ್ನ ಎಲ್ಲಿಡಲಿ?”

“ಕೊಡಿ,” ಮಗಳು ಇಸಿದುಕೊಂಡಳು.

“ನಾಳೆ ಬರ್ತಾರೆ ಬಿಡು,” ಒಳಗಿನಿಂದ ಅಮ್ಮ ಹೇಳುತ್ತಿದ್ದಳು. “ಆಸ್ಪತ್ರೇಲಿ ಎಷ್ಟು ದಿನ ಅಂತ ಕೆಲಸ ನಿಲ್ಸೋಕಾಗುತ್ತೆ. ಬೆಳಗ್ಗೆ ನೀನೇ ನೋಡಿ ಹೇಳೇ.”

ಮಹಡಿಯ ಕೋಣೆಯಲ್ಲಿ ಮಗಳು ಪ್ಲಗ್ ಹಿಡಿದು ಮೇಜಿನ ಕೆಳಗೆ ಬಗ್ಗಿದಳು. ಅಲ್ಲೇ ಕೂತಳು. ಕೆಳಗೆ ಅಮ್ಮನ ಮಾತು ನಿಂತ ಮೇಲೆ ಪ್ಲಗ್ ಒತ್ತಿದಳು. ಹಳೆಯ ಫ್ಯಾನು ದೂಳು ಕೆಮ್ಮಿ ತಿರುಗಿತು. ಮೇಜಿನ ಕೆಳಗಿನ ಕತ್ತಲಲ್ಲಿ ಒಂದು ಹಸಿರು ದೀಪ ಕಣ್ಣು ಬಿಟ್ಟಿತು.