ಇನ್ನೊಂದು ಸಲ ಕೇಳಿದರೆ

ಮತ್ತೆ ಅದೇ. ಕಂಪ್ಯೂಟರ್ ಪರದೆಯ ಮೇಲೆ ಅಂಕಿ ಬರಬೇಕಾದ ಕಡೆ ‘ಫಂಕ್ಷನ್’ ಎಂಬ ಪದ ಬಂದು ಕೂತಿತ್ತು. ಟೈಪಿಸ್ಟಮ್ಮ ತುಟಿ ಕಚ್ಚಿಕೊಂಡು ಬರೆದದ್ದನ್ನೆಲ್ಲ ಅಳಿಸಿದಳು.

ಆಫೀಸಿನ ಟೈಪಿಂಗ್ ವಿಭಾಗಕ್ಕೆ ಬೀಗ ಬೀಳುವುದು ಖಾತ್ರಿಯಾಗಿತ್ತು. ಮಧ್ಯಾಹ್ನದ ಪರೀಕ್ಷೆ ಪಾಸಾದವರಿಗೆ ಕಂಪ್ಯೂಟರ್ ವಿಭಾಗ, ಉಳಿದವರಿಗೆ ಮನೆಯೇ ಗತಿ. ಅವಳ ಮನೆಯಲ್ಲಿ ಲಕ್ವ ಹೊಡೆದ ಗಂಡ. ಇವಳ ಕೆಲಸ ಹೋದರೆ ಒಲೆಯೂ ಆರಿದಂತೆಯೇ. ಕಣ್ಣು ಮುಚ್ಚಿದರೂ ಓಡುವ ಬೆರಳುಗಳು ಅವಳವು. ಓಡದಿದ್ದದ್ದು ತಲೆ. ಸಾಕಾಗಿ ಹೋಗಿತ್ತು ಅವಳಿಗೆ.

ಕಂಪ್ಯೂಟರ್ ಪಾಠ ಹೇಳುವ ಹುಡುಗಿ ಬೆನ್ನ ಹಿಂದೆ ಬಂದು ನಿಂತಳು. “ಯಾಕಮ್ಮಾ ಅಳಿಸಿದ್ರಿ?”

“ತಪ್ಪು ಬಂತಲ್ಲ ಮೇಡಂ. ಮೂರು ಕೊಟ್ಟು ಗುಣಿಸು ಅಂದ್ರೆ ಫಂಕ್ಷನ್ ಅಂತ ಹೇಳ್ಕೊಂಡು ಕೂರುತ್ತೆ. ಬೆಳಗ್ಗಿಂದ ಇದೇ ಗೋಳು.”

“ಅಯ್ಯೋ, ಅದು ತಪ್ಪಲ್ಲ! ಫಂಕ್ಷನ್ ಅಂದ್ರೆ ಕೊಟ್ಟ ಅಂಕಿಗೆ ಲೆಕ್ಕ ಮಾಡಿಕೊಡೋ ಸಣ್ಣ ಪ್ರೋಗ್ರಾಂ. ನೀವು ಮೂರು ಕೊಟ್ರಿ, ಅದು ಇನ್ನೊಂದು ಫಂಕ್ಷನ್ ವಾಪಸ್ ಕೊಡ್ತು. ಏನು ಕೊಟ್ರೂ ಮೂರರಿಂದ ಗುಣಿಸೋ ಫಂಕ್ಷನ್. ಆ ಮೂರನ್ನ ಹಿಡ್ಕೊಂಡು ಕಾಯ್ತಾ ಇದೆ, ಪಾಪ. ಈಗ ಅದಕ್ಕೆ ಐದು ಕೊಡಿ.”

ಅವಳು ಮತ್ತೆ ಬರೆದಳು. ಮೂರು ಇದ್ದ ಬ್ರಾಕೆಟ್ ಮುಚ್ಚಿ, ಪಕ್ಕದಲ್ಲೇ ಇನ್ನೊಂದು ತೆರೆದು ಐದನ್ನು ಇಟ್ಟಳು. ಹದಿನೈದು ಬಂತು.

“ಅಂದ್ರೆ ಬೆಳಗ್ಗಿಂದ ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು. ನೀವು ಅರ್ಧಕ್ಕೇ ಎದ್ದು ಹೋಗ್ತಿದ್ರಿ, ಅಷ್ಟೆ.”

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಇತ್ತು. ಪಾಸಾದಿರಿ ಎಂದು ಹುಡುಗಿ ಹೇಳಿದ್ದೇ ತಡ, ಚೀಲ ಎತ್ತಿಕೊಂಡು ನೇರ ಮನೆಗೆ ಹೊರಟಳು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಗಂಡನಿಗೆ ಸುದ್ದಿ ಹೇಳಿದಳು. ಅವನ ಅರ್ಧ ಮುಖ ನಕ್ಕಿತು.

“ಏನಾದ್ರೂ ಬೇಕೇನ್ರೀ?” ದಿನವೂ ಕೇಳುವುದನ್ನೇ ಕೇಳಿದಳು.

“ಕಿಟಕಿ,” ಎಂದು ಅವನು ನಿಲ್ಲಿಸಿದ.

ದಿನವೂ ಬರುವ ಉತ್ತರ ಅದೇ. ದಿನವೂ ಅವಳು ಕಿಟಕಿ ತೆರೆಯುತ್ತಿದ್ದಳು, ಅವನು ಅಲ್ಲ ಎಂದು ತಲೆಯಾಡಿಸಿದರೆ ಮುಚ್ಚಿ, ಗೊಣಗುತ್ತ ಅಡುಗೆಮನೆ ಸೇರುತ್ತಿದ್ದಳು. ಇವತ್ತು ಮಂಚದ ಅಂಚಿನಲ್ಲಿ ಕೂತಳು.

“ಕಿಟಕಿ ಹತ್ರ ಏನ್ರೀ?”

ಅವನ ಬಾಯಿ ಬಹಳ ಹೊತ್ತು ತಡಕಾಡಿತು. ಅವಳು ಏಳಲಿಲ್ಲ.

“ಗಾಳಿ ಬರುತ್ತೆ... ನೀನು... ಕೂತ್ಕೋ.”

ಅವಳು ಕಿಟಕಿ ತೆರೆದು ಕುರ್ಚಿಯನ್ನು ಅದರ ಬಳಿಗೆ ಎಳೆದುಕೊಂಡಳು. ದಿನವಿಡೀ ಕೂತು ಊದಿದ ಪಾದಗಳನ್ನು ಮಂಚದ ಮೇಲೆ ಚಾಚಿದಾಗ, ಅವನು ಆಡುವ ಕೈಯಿಂದ ತನ್ನ ಹೊದಿಕೆಯ ತುದಿಯನ್ನು ಅವುಗಳ ಮೇಲೆ ಎಳೆದ.