ಹುಳಿಯಿಲ್ಲದ ರೊಟ್ಟಿ

ಯಾರ ಮನೆಯಲ್ಲೋ ಏನೋ ಸೀಯುತ್ತಿದೆ, ಪಾಪ, ಬೆಳಗ್ಗೆ ಬೆಳಗ್ಗೆ ಒಲೆಯ ಮುಂದೆ ತೂಕಡಿಸುವ ಹೆಂಗಸರೂ ಈ ಸೊರಬದಲ್ಲಿ ಇದ್ದಾರಲ್ಲ ಎಂದು ಸಮಾಧಾನಪ್ಪ ಮೂಗನ್ನು ಕಿಟಕಿಯ ಕಡೆ ತಿರುಗಿಸಿದ, ಕಿಟಕಿಯಲ್ಲಿ ವಾಸನೆಯಿಲ್ಲ, ಬರೀ ಬಿಸಿಲು, ಮತ್ತೆ ಈಚೆ ತಿರುಗಿಸಿದ, ಹೊಗೆ ಕಣ್ಣಿಗೆ ಹೊಕ್ಕಿತು — ಅಯ್ಯೋ ಕರ್ತನೇ, ನನ್ನದೇ, ಇದೂ ಹೋಯಿತು, ಮೊದಲಿನದು ಹಸಿ, ಇದು ಕರಿ, ಸಟ್ಟುಗ ಹಾಕಿ ಎತ್ತಿದರೆ ಅರ್ಧ ಬಂತು, ಇನ್ನರ್ಧ ಹಂಚನ್ನು ಅಪ್ಪಿಕೊಂಡು ನಾನೊಲ್ಲೆ ಎಂದಿತು, ಮೊದಲಿನದನ್ನು ಹಿತ್ತಿಲಿಗೆ ಎಸೆದಾಗ ಕಾಗೆ ಬಂದಿತ್ತು, ಕತ್ತು ಓರೆ ಮಾಡಿ ನೋಡಿತ್ತು, ಹಿಂದೆ ಪ್ರವಾದಿಗೆ ರೊಟ್ಟಿ ಹೊತ್ತು ತಂದ ಕಾಗೆಯ ವಂಶದ್ದೇ ಇರಬೇಕು, ರೊಟ್ಟಿ ಎಂದರೇನೆಂದು ಬಲ್ಲದ್ದು, ಮುಟ್ಟದೆ ಹಾರಿಹೋಯಿತು. ಬೆಂಕಿ ಸಣ್ಣ ಮಾಡ್ರೀ, ಎಷ್ಟು ಸಲ ಹೇಳೋದು, ರೊಟ್ಟಿಗೆ ಉರಿ ಬೇಡ, ಕೆಂಡ ಸಾಕು, ಎನ್ನುತ್ತಿದ್ದಳು ದೀನಮ್ಮ, ಕಡೆಗೆ ಹೇಳಿದ್ದೂ ಅದನ್ನೇ, ದೀಪಾವಳಿಯ ಮಾರನೆಯ ದಿನ, ಎದೆ ಹಿಡ್ಕೊಂಡ ಹಾಗಿದೆ ಕಣ್ರೀ, ಆ ಬೆಂಕಿ ಸಣ್ಣ ಮಾಡಿ, ಅಂದಳು, ಅವನು ಸೌದೆ ಹೊರಗೆಳೆದು ತಿರುಗುವಷ್ಟರಲ್ಲಿ ಗೋಡೆಗೆ ಒರಗಿಕೊಂಡಿದ್ದಳು, ಕೈಯಲ್ಲಿ ಹಿಟ್ಟು, ಮುಖದಲ್ಲಿ ಇನ್ನೂ ಒಂದು ಬೈಗುಳ ಬಾಕಿ. ಹೆಸರಿಗೆ ದೀನಮ್ಮ, ದೀನತೆ ಆಕೆಯ ಹೊಸಿಲು ದಾಟಿದ್ದನ್ನು ಕಂಡವರಿಲ್ಲ, ಇವನು ಹೆಸರಿಗೆ ಸಮಾಧಾನಪ್ಪ, ಸರಕಾರದ ಕೆಲಸದಲ್ಲಿ ಸಿಡುಬಿನ ದಾಕು ಹಾಕುತ್ತ ಸೊರಬ ಶಿಕಾರಿಪುರ ಎರಡೂ ತಾಲ್ಲೂಕಿನ ಮಕ್ಕಳ ಸಮಾಧಾನ ಕೆಡಿಸಿದವನು, ಕುಬಟೂರಲ್ಲಿ ಅವನ ಪೆಟ್ಟಿಗೆ ಕಂಡರೆ ಮಕ್ಕಳು ಅಟ್ಟ ಹತ್ತುತ್ತಿದ್ದವು, ಬಳ್ಳಿಗಾವಿಯಲ್ಲಿ ಗುಡಿಯ ಕಂಬದ ಹಿಂದೆ ಅಡಗುತ್ತಿದ್ದವು, ಉಣ್ತೀಯೋ ದಾಕಿನವರನ್ನ ಕರೀಲೋ ಎಂದರೆ ತಟ್ಟೆ ಖಾಲಿ — ಅಂಥ ದಾಕಿನ ಸಮಾಧಾನಪ್ಪ ಈಗ ಅಂಗೈಯಗಲದ ಒಂದು ರೊಟ್ಟಿಯ ಮುಂದೆ ಸೋತು ಕೂತಿದ್ದಾನೆ, ಬಸ್ಸು ಬರುವ ಹೊತ್ತಾಗುತ್ತಿದೆ.

ಶಿಕಾರಿಪುರದಿಂದ ಬಸ್ಸಿನಲ್ಲಿ ಪಾದ್ರಿ ಅಯ್ಯನವರು ಬರುತ್ತಾರೆ, ಹೊಸಬರು, ಹುಡುಗರು, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ, ಪಾಪದ ವಿಷಯ ಮಾತ್ರ ಚೆನ್ನಾಗಿ ಬಲ್ಲರು, ಇವನ ಪಡಸಾಲೆಯಲ್ಲೇ ಆರಾಧನೆ, ಸಭೆ ಎಂದರೆ ಎಷ್ಟು ಮಹಾ, ಆಸ್ಪತ್ರೆಯ ನರ್ಸಮ್ಮ, ಫಾರೆಸ್ಟ್ ಗಾರ್ಡಿನ ಸಂಸಾರ, ಇವನು, ಅಷ್ಟೇ, ಇವತ್ತು ಕರ್ತನ ರಾತ್ರಿಭೋಜನ, ಆತನ ದೇಹವೆಂದು ರೊಟ್ಟಿ ಮುರಿದು ತಿಂದು ಆತನ ರಕ್ತವೆಂದು ದ್ರಾಕ್ಷಿರಸ ಕುಡಿಯುವ ಸಂಸ್ಕಾರ, ಬೆಳಗಿನ ಹತ್ತು ಗಂಟೆಗೆ ರಾತ್ರಿಭೋಜನ ಮಾಡೋ ಜನ ನೀವೊಬ್ರೇ ಎಂದು ಅಂಗಡಿ ಪಂಚಾಕ್ಷರಪ್ಪ ನಗುತ್ತಾನೆ, ನಗಲಿ, ಆ ಭೋಜನದ ರೊಟ್ಟಿ ಮಾಡುತ್ತಿದ್ದವಳು ದೀನಮ್ಮ, ಆಕೆ ಹೋದ ಮೇಲಿನ ಸಲ ಅಯ್ಯನವರು ಶಿಕಾರಿಪುರದಿಂದ ಒಂದು ಬನ್ನು ತಂದಿದ್ದರು, ದಾರಿಯಲ್ಲಿ ಇರುವೆಗಳೂ ಜೊತೆಗೂಡಿದ್ದವು, ಒಂದು ಇರುವೆ ಸಂಸ್ಕಾರ ಮುಗಿಯುವ ತನಕ ಬಟ್ಟಲಿನ ಅಂಚಿನಲ್ಲಿ ಓಡಾಡುತ್ತಿತ್ತು, ಅಯ್ಯನವರಿಗೆ ನಾಚಿಕೆಯಾಗಿ ಬನ್ನಿನ ಮೇಲೇ ಒಂದು ಪ್ರಸಂಗ ಮಾಡಿಬಿಟ್ಟರು, ಹುಳಿ, ಪ್ರಿಯರೇ, ಹುಳಿ ಎಂದರೆ ಹಿಟ್ಟನ್ನು ಉಬ್ಬಿಸುವ ಹುಳಿಹಿಟ್ಟು, ಅದು ಪಾಪದ ಗುರುತು, ಚೂರೇ ಚೂರು ಸಾಕು ಕಣಕವೆಲ್ಲ ಉಬ್ಬುತ್ತದೆ, ಮುಂದಿನ ಸಲ ಹುಳಿಯಿಲ್ಲದ ರೊಟ್ಟಿಯೇ ಆಗಬೇಕು ಸಮಾಧಾನಪ್ಪನವರೇ. ಆಗಲಿ ಅಯ್ಯನವರೇ ಎಂದಿದ್ದ, ಆಗದೆ ಏನು, ಹಿಟ್ಟು, ನೀರು, ಬೆಂಕಿ, ದೀನಮ್ಮ ಕಣ್ಣು ಮುಚ್ಚಿ ಮಾಡುತ್ತಿದ್ದಳು, ಮಾಡುತ್ತ ದೇವರ ಹತ್ತಿರ ಮಾತೂ ಆಡುತ್ತಿದ್ದಳು, ಸೊಪ್ಪಿನವಳ ಹತ್ತಿರ ಆಡಿದ ಹಾಗೆ, ಕರ್ತನೇ ಮಳೆ ಇಷ್ಟು ಸಾಕು, ಹಪ್ಪಳ ಒಣಗಬೇಕು, ಕರ್ತನೇ ಈ ಮನುಷ್ಯನಿಗೆ ಕೊಡೆ ಮರೆಯದ ಬುದ್ಧಿ ಕೊಡು, ಇವನೋ ಮೊಣಕಾಲೂರಿ ಸರ್ವಶಕ್ತನೂ ನಿತ್ಯನೂ ಭೂಪರಲೋಕಗಳ ಒಡೆಯನೂ ಆದ ಎಂದು ಶುರು ಮಾಡುವವನು, ಅಷ್ಟು ಉದ್ದ ಕರೆದರೆ ಇನ್ಯಾರನ್ನೋ ಕರೀತಿದಾರೆ ಅಂತ ಆತ ಸುಮ್ಮನಾಗ್ತಾನೆ ಕಣ್ರೀ ಎಂದು ಅಡಿಗೆಮನೆಯಿಂದಲೇ ಆಕೆ, ಈಗ ಹಾಗೇ ಆಗಿದೆ, ದೀಪಾವಳಿಯಿಂದ ಈಚೆಗೆ ಪ್ರಾರ್ಥನೆ ಎಂದರೆ ಬೀಗ ಹಾಕಿದ ಮನೆಯ ಬಾಗಿಲು ಬಡಿದ ಹಾಗೆ, ಆಕೆ ಹೊರಟ ದಿನ ಆತನೂ ಆಕೆಯ ಚೀಲ ಹಿಡಿದುಕೊಂಡು ಹಿಂದೆಯೇ ಹೊರಟಿರಬೇಕು, ಇವನಿಗೆ ಹೇಳಿಯೂ ಹೋಗಲಿಲ್ಲ. ಹೇಳಿಬಿಡಬೇಕು, ಇವತ್ತು ಅಯ್ಯನವರಿಗೆ ಹೇಳಿಬಿಡುವುದೇ ಸೈ, ಅಯ್ಯನವರೇ, ಈ ಮನೆಯಲ್ಲಿ ಇನ್ನು ಆರಾಧನೆ ಬೇಡ, ದೇವರು ಈ ಮನೆ ಖಾಲಿ ಮಾಡಿದ್ದಾನೆ, ನರ್ಸಮ್ಮನ ಕೋಣೆಯಲ್ಲೋ ಶಿಕಾರಿಪುರದಲ್ಲೋ ನೋಡಿಕೊಳ್ಳಿ, ಸುಳ್ಳು ಹೇಳಿಕೊಂಡು ಸಭೆಯ ಹಿರಿಯನಾಗಿ ಕೂರಲಾರೆ, ಚೆನ್ನಾಗಿದೆ, ಹೀಗೇ ಹೇಳುವುದು, ಆದರೆ ಅದಕ್ಕೂ ಮೊದಲು ರೊಟ್ಟಿ.

ಏನ್ರೀ ಸಮಾಧಾನಪ್ಪೋರೇ, ಗದ್ದೆ ಕೂಳೆ ಸುಡ್ತಿದೀರೋ ಮನೆ ಸುಡ್ತಿದೀರೋ, ಎಂದು ಹಿತ್ತಿಲ ಗೋಡೆಯ ಮೇಲೆ ಬಂಗಾರಮ್ಮನ ತಲೆ ಮೂಡಿತು, ಪಕ್ಕದ ಮನೆಯಾಕೆ, ಗದ್ದೆ ತೋಟ ಉಳ್ಳವರು, ಬಾಯಿ ಜೋರು, ಇಷ್ಟು ವರ್ಷದಲ್ಲಿ ಇವರ ಮನೆಯ ಒಂದು ಲೋಟ ನೀರು ಮುಟ್ಟಿದವಳಲ್ಲ, ಇವರ ಮರದ ನಿಂಬೆಹಣ್ಣಿಗೆ ಮಾತ್ರ ಮಡಿಯಿಲ್ಲ, ದೀನಮ್ಮನಿಗೂ ಆಕೆಗೂ ದಿನಾ ಈ ಗೋಡೆಯ ಮೇಲೆಯೇ ಜಗಳ, ಗೋಡೆಯ ಮೇಲೆಯೇ ಸಂತೆ, ಗೋಡೆಯ ಮೇಲೆಯೇ ಅಳು. ಕ್ಯಾಸನೂರ ಕಾಡಲ್ಲಿ ಮಂಗ ಉದುರಿ ಬೀಳ್ತಾವಂತಲ್ರೀ, ಅವಕ್ಕೂ ಒಂದು ದಾಕು ಹಾಕಬಾರದಾ ನೀವು, ಎಂದು ಮೊನ್ನೆ ಕೇಳಿದ್ದಳು, ಅದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಮುಂದಿನ ಪ್ರಶ್ನೆ ಬರುವುದು ಆಕೆಯ ಪದ್ಧತಿ. ಮನೆಯಲ್ಲ ತಾಯಿ, ರೊಟ್ಟಿ, ಎಂದ. ರೊಟ್ಟಿನಾ? ಬಂಗಾರಮ್ಮ ಸಟ್ಟುಗದ ತುದಿಯ ಕರಿಯನ್ನು ನೋಡಿ, ಇದು ರೊಟ್ಟಿ ಅಂತ ನೀವು ಹೇಳಿದ್ದಕ್ಕೆ ನಂಬ್ತೀನಿ, ಅಂದಳು. ಹುಳಿಯಿಲ್ಲದ ರೊಟ್ಟಿ ಒಂದು ಆಗಬೇಕಾಗಿತ್ತು ತಾಯಿ, ಎಂದ ಸಮಾಧಾನಪ್ಪ, ಪ್ರಸಂಗದಲ್ಲಿ ಕೇಳಿದ ಹಾಗೆಯೇ ಅಚ್ಚುಕಟ್ಟಾಗಿ, ಬಂಗಾರಮ್ಮನ ಮುಖ ಯಾಕೋ ಇಳಿಯಿತು. ಹುಳಿನೇ ಇಲ್ದೆನಾ? ಯಾವಾಗಿಂದ ಹಿಂಗೆ? ಮೊದಲಿನಿಂದಲೂ ಹಾಗೇ ತಾಯಿ, ನಮ್ಮ ಹಿರಿಯರು ಐಗುಪ್ತದಿಂದ, ಅದೇ ಈಜಿಪ್ಟಿನಿಂದ, ಹೊರಡುವಾಗ ಅವಸರ, ಹುಳಿಗೆ ಹೊತ್ತಿರಲಿಲ್ಲ. ನಿಮ್ಮ ಹಿರೇರು ಹಾನಗಲ್ಲಿಂದ ಬಂದೋರು ಅಂತ ದೀನಮ್ಮೋರು ಹೇಳ್ತಿದ್ರಲ್ರೀ? ಅದು ಆಮೇಲೆ. ಎಲ್ಲಿಂದನಾರ ಹೊರಡ್ಲಿ, ಒಂದು ಹಿಡಿ ಬೇಳೆ ಬೇಯೋದಕ್ಕೆ ಎಷ್ಟು ಹೊತ್ತು, ಅವಸರ ಅಂತ ಮಕ್ಕಳು ಮರೀನ ಹುಳಿ ಇಲ್ದೆ ಹೊರಡಿಸ್ತಾರಾ ಯಾರಾದ್ರೂ — ಸಮಾಧಾನಪ್ಪನಿಗೆ ಎಲ್ಲೋ ಏನೋ ತಪ್ಪಿತು ಅನ್ನಿಸಿತು, ಆದರೆ ಹಂಚು ಮತ್ತೆ ಹೊಗೆಯಾಡಿತು, ಅತ್ತ ತಿರುಗಿದ. ಹಿಟ್ಟು ಇತ್ತ ಕೊಡಿ ಎಂದು ಬಂಗಾರಮ್ಮ ಕೈ ಚಾಚಿದಳು, ಇದು ಅಮೇರಿಕದ ಗೋಧಿಯೋ, ಆಗಲಿ, ಉಪ್ಪು ಹಾಕಬೌದಾ, ನಿಮ್ಮ ದೇವರು ಉಪ್ಪು ತಿಂತಾನಾ? ದೇವರು ತಿನ್ನುವುದಲ್ಲ ತಾಯಿ, ನಾವೇ ದೇವರನ್ನ — ಎಂದವನು ನಾಲಿಗೆ ಕಚ್ಚಿಕೊಂಡ, ಮೊಟ್ಟೆ ಕಂಡರೆ ಮುಖ ತಿರುಗಿಸುವ ಹೆಂಗಸಿಗೆ ಇದನ್ನು ಹೇಗೆ ಹೇಳುವುದು, ಗೋಡೆಯೇ ಬಿದ್ದೀತು, ಉಪ್ಪು ಬೇಡ ತಾಯಿ, ಎಂದ. ಹಿಟ್ಟಿನ ತಪ್ಪಲೆ ಹಿಡಿಯಲು ಚಾಚಿದ ಆ ತೋಳಿನ ಮೇಲೆ ರವಿಕೆಯ ಅಂಚಿನ ಕೆಳಗೆ ಎರಡು ಗುಳಿ, ದಾಕಿನ ಗುಳಿ, ಇವನೇ ಹಾಕಿದ್ದು, ಆಗ ಲಂಗದ ಹುಡುಗಿ, ಇವನ ಮುಂಗೈ ಕಚ್ಚಿ ರಕ್ತ ಬರಿಸಿದ್ದಳು.

ಪಡಸಾಲೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿದ, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸ ಸೀಸೆಯಲ್ಲಿದೆ, ಸೀಸೆ ಹಳೆಯ ನೌಕರಿಯದು, ಮೇಲೆ ಚೀಟಿ, ಹೊರಗೆ ಹಚ್ಚಲು ಮಾತ್ರ, ಎಷ್ಟು ತಿಕ್ಕಿದರೂ ಹೋಗಲಿಲ್ಲ, ಚೀಟಿಯನ್ನು ಗೋಡೆಯ ಕಡೆ ತಿರುಗಿಸಿಟ್ಟ, ತಟ್ಟೆ ಖಾಲಿ. ದೀನಮ್ಮನಿಗೆ ಲಟ್ಟಣಿಗೆ ಸೇರುತ್ತಿರಲಿಲ್ಲ, ಗೋಧಿಯನ್ನೂ ಅಕ್ಕಿರೊಟ್ಟಿಯ ಹಾಗೆ ಬಾಳೆಲೆಯ ಮೇಲೆ ತಟ್ಟುವಳು, ತಟ್ಟಿ ಕಡೆಗೆ ಅಂಗೈಯೂರಿ ಒತ್ತುವಳು, ಐದು ಬೆರಳಿನ ಐದು ಗುಳಿ ರೊಟ್ಟಿಯ ಮೇಲೆ, ಕರ್ತನ ಮೇಜಿನ ಮೇಲೆ ನಿನ್ನ ಬೆರಳಿನ ಗುರುತು ಯಾಕೆ, ನುಣ್ಣಗೆ ಮಾಡಲಾರೆಯಾ ಎಂದು ಇವನು, ಕೈಯಿಲ್ಲದೆ ರೊಟ್ಟಿ ಮಾಡೋಕೆ ಆತನಿಗೂ ಬರಲ್ಲ ಕಣ್ರೀ, ನಿಮ್ಮನ್ನ ಮಾಡುವಾಗ ಮಣ್ಣು ಕೈಯಲ್ಲೇ ಕಲಸಿದ್ದು, ನೋಡಿ, ಮೂಗಿನ ಹತ್ತಿರ ಸ್ವಲ್ಪ ಜಾಸ್ತಿ ಒತ್ತಿಬಿಟ್ಟಿದಾನೆ, ಎಂದು ಆಕೆ — ಮೂಗು ಮುಟ್ಟಿಕೊಂಡ, ಹೌದು, ಒತ್ತಿದ ಮೂಗೇ, ಅಯ್ಯನವರೇ, ಈ ಮನೆಯಲ್ಲಿ ಇನ್ನು, ಬೇಡ, ಮೊದಲು ನೀರು ಕೊಟ್ಟು ಆಮೇಲೆ ಹೇಳುವುದು, ಅಯ್ಯನವರೇ, ದೇವರು ಈ ಮನೆ, ಬಾಗಿಲಲ್ಲಿ ಯಾರೋ.

ಎದುರು ಮನೆಯ ಹನುಮಮ್ಮ, ಕೈಯಲ್ಲಿ ಮುಚ್ಚಿದ ತಪ್ಪಲೆ, ನುಗ್ಗೆಕಾಯಿ ಹುಳಿ ಕಣಣ್ಣ, ಬಿಸಿ ಇದೆ, ಎಂದು ಕಟ್ಟೆಯ ಮೇಲಿಟ್ಟಳು. ಹುಳಿ ಯಾಕಮ್ಮ? ಯಾಕೆ ಅಂತ ಬೇರೆ ಕೇಳ್ತೀರಾ, ನಮಗೊಂದು ಮಾತು ಹೇಳಬಾರದಾ, ಎಂದು ಸೆರಗಿನಿಂದ ಮೂಗೊರೆಸಿಕೊಂಡು ಹೋದಳು. ಪಂಚಾಕ್ಷರಪ್ಪನ ಮನೆಯಿಂದ ಮಂಗಳೂರು ಸೌತೆಯ ಹುಳಿ, ಸ್ವತಃ ಪಂಚಾಕ್ಷರಪ್ಪನೇ ಹೊತ್ತು ತಂದ, ಇವತ್ತು ರಾತ್ರಿಭೋಜನದ ತಮಾಷೆಯಿಲ್ಲ, ಮುಖ ಸಾವಿನ ಮನೆಗೆ ಬಂದವನದು, ಇನ್ಯಾರದೋ ಮನೆಯ ಬಸಳೆ ಹುಳಿ, ಕಟ್ಟೆಯ ಮೇಲೆ ಜಾಗವಿಲ್ಲ, ಸಮಾಧಾನಪ್ಪ ಅವನ್ನೆಲ್ಲ ಒಳಗೆ ತಂದು ಮೇಜಿನ ಕಾಲಬುಡದಲ್ಲಿಟ್ಟ, ಏನಿದು, ಅವನು ಕೇಳಿದ್ದು ಹುಳಿಯಿಲ್ಲದ — ಆಗ ತಿಳಿಯಿತು, ಅಯ್ಯೋ ದೇವರೇ, ಬಂಗಾರಮ್ಮ ಊರೆಲ್ಲ ಸಾರಿಬಿಟ್ಟಿದ್ದಾಳೆ, ಬೀದಿಗೆಲ್ಲ ಹುಳಿ ಎಂದರೆ ಬೇಳೆ ಹುಣಸೆಹಣ್ಣಿನ ಹುಳಿ, ಅನ್ನಕ್ಕೆ ಕಲಸುವ ಹುಳಿ, ಹೆಂಡತಿ ಸತ್ತ ಮುದುಕ ಬರೀ ರೊಟ್ಟಿ ಕಡಿದುಕೊಂಡು ಕೂತಿದಾನೆ ಅಂದುಕೊಂಡಿದ್ದಾರೆ, ಛೀ, ಎಂಥ ಅವಮಾನ, ಆದರೆ ಸುಳ್ಳು ಎನ್ನುವ ಹಾಗೂ ಇಲ್ಲ, ದೀಪಾವಳಿಯಿಂದ ಈಚೆಗೆ ಈ ಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿಲ್ಲ, ಗಂಜಿ, ಉಪ್ಪು, ಮತ್ತೆ ಗಂಜಿ, ಯಾರಿಗೂ ಹೇಳಿರಲಿಲ್ಲ, ದೇವರಿಗೂ. ಹುಳಿ ಇಲ್ದ ರೊಟ್ಟಿ ಗಂಟಲಲ್ಲಿ ಇಳೀತದೇನ್ರೀ, ಎಂದು ಹಿತ್ತಿಲಿನಿಂದ ಬಂಗಾರಮ್ಮನ ಗಂಟಲು, ಗೋಡೆಯ ಮೇಲೆ ಬಾಳೆಲೆ ಮುಚ್ಚಿದ ತಟ್ಟೆ, ತಗಳಿ, ರೊಟ್ಟಿ, ದೀನಮ್ಮೋರು ಹೆಂಗೆ ಮಾಡೋರೋ ಹಂಗೇ ಮಾಡಿದೀನಿ, ದಿನಾ ಗೋಡೆ ಮೇಲಿಂದ ನೋಡ್ತಿದ್ದೆನಲ್ಲ, ಈ ಕಡೆ ತಪ್ಪಲೇಲಿ ಸೊಪ್ಪಿನ ಹುಳಿ, ಪಾತ್ರೆ ತೊಳೆದು ಗೋಡೆ ಮೇಲಿಡಿ, ಅಳಬ್ಯಾಡ್ರೀ, ಹೊಗೆ ಅಂತ ಸುಳ್ಳು ಹೇಳಬ್ಯಾಡಿ, ಒಲೆ ಆರಿ ಎಷ್ಟು ಹೊತ್ತಾಯ್ತು.

ಬಸ್ಸಿನ ಹಾರನ್ನು, ಅಯ್ಯನವರು ಬಂದೇಬಿಟ್ಟರು, ಧೂಳು, ಚೀಲ, ಹಿಂದೆ ನರ್ಸಮ್ಮ, ಗಾರ್ಡು, ಗಾರ್ಡಿನ ಹೆಂಡತಿ, ಎಲ್ಲರ ಮೂಗೂ ಒಟ್ಟಿಗೆ ಮೇಜಿನ ಕೆಳಗೆ ಹೋಯಿತು, ಸಮಾಧಾನಪ್ಪನವರೇ, ಹುಳಿಯಿಲ್ಲದ ರೊಟ್ಟಿ ಎಂದಿದ್ದೆನಲ್ಲ, ಎಂದರು ಅಯ್ಯನವರು, ರೊಟ್ಟಿಯಲ್ಲಿ ಹುಳಿಯಿಲ್ಲ ಅಯ್ಯನವರೇ, ಹುಳಿ ಪಾತ್ರೆಯಲ್ಲಿದೆ, ಎಂದ ಇವನು, ನಡೆದದ್ದನ್ನೆಲ್ಲ ಹೇಳಬೇಕಾಯಿತು, ಹಾನಗಲ್ಲಿನ ಮಾತಿಗೆ ಬರುವಷ್ಟರಲ್ಲಿ ನರ್ಸಮ್ಮ ಸೆರಗು ಬಾಯಿಗೆ ತುರುಕಿಕೊಂಡಿದ್ದಳು, ಗಾರ್ಡು ಗೋಡೆ ಹಿಡಿದುಕೊಂಡಿದ್ದ, ಅಯ್ಯನವರ ಭುಜ ಕುಲುಕುತ್ತಿತ್ತು, ಮತ್ತೆ ಇನ್ನೊಂದು ನಗು, ಕೀಲು ತುಕ್ಕು ಹಿಡಿದ ಬಾಗಿಲಿನಂಥದ್ದು, ಯಾರದಪ್ಪಾ ಇದು ಎಂದು ನೋಡಿದರೆ ತನ್ನದೇ, ಹೇಳಬೇಕಾದ ಮಾತು ಆ ಗದ್ದಲದಲ್ಲಿ ಎಲ್ಲೋ ಬಿದ್ದುಹೋಯಿತು, ಆಮೇಲೆ ಹೇಳಿದರಾಯಿತು, ಪ್ರಾರ್ಥನೆ, ಪ್ರಸಂಗ, ಅಯ್ಯನವರು ಬೆಳಗ್ಗೆ ಏನೂ ತಿನ್ನದೆ ಬಸ್ಸು ಹತ್ತಿದವರು, ನುಗ್ಗೆಕಾಯಿಯ ಪರಿಮಳ ಮೇಜಿನ ಬಟ್ಟೆಯ ಕೆಳಗಿನಿಂದ ಏಳುತ್ತಿದೆ, ಪಾಪದ ವಿಷಯ ಇವತ್ತು ಬೇಗ ಮುಗಿಯಿತು. ಹಿರಿಯರು ಪ್ರಾರ್ಥಿಸಲಿ, ಎಂದರು, ಇವನನ್ನೇ, ಸಮಾಧಾನಪ್ಪ ಮೊಣಕಾಲೂರಿದ, ಸರ್ವಶಕ್ತನೂ, ಎಂದ, ಮುಂದಿನದು ಬರಲಿಲ್ಲ, ನಿತ್ಯನೂ ಎಂಬುದೂ ಬರಲಿಲ್ಲ, ಬೀಗ ಹಾಕಿದ ಬಾಗಿಲು, ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದಾರೆ, ಗಾರ್ಡಿನ ಹೊಟ್ಟೆ ಗುಡುಗುಡು ಎಂದಿತು, ಕರ್ತನೇ, ಎಂದ, ಕರ್ತನೇ, ಹುಳಿ ಆರಿಹೋಗ್ತಿದೆ — ಇದು ಯಾರ ಮಾತು, ಯಾರ ಧಾಟಿ, ತನ್ನ ಬಾಯಲ್ಲಿ ಹೇಗೆ ಬಂತು, ಆಮೆನ್ ಎಂದಳು ನರ್ಸಮ್ಮ ಅವಸರವಾಗಿ, ಅಯ್ಯನವರು ಬಾಳೆಲೆ ಸರಿಸಿದರು, ರೊಟ್ಟಿ ಎತ್ತಿದರು, ಮುರಿದರು, ಕಿಟಕಿಯ ಬಿಸಿಲು ಅದರ ಮೇಲೆ, ಇವನ ಅಂಗೈಯಲ್ಲಿ ಒಂದು ಚೂರು ಇಟ್ಟರು, ಬಾಯಿಗೆ ಹಾಕಿಕೊಳ್ಳಬೇಕು, ಎಲ್ಲರೂ ಹಾಕಿಕೊಂಡರು, ಆಮೇಲೆ ಹೇಳಬೇಕು, ಅಯ್ಯನವರೇ, ಈ ಮನೆ ಖಾಲಿ, ಈ ಮನೆ, ಚೂರಿನ ಮೇಲೆ ಒಂದು ಗುಳಿ, ಬೆರಳು ಒತ್ತಿದ ಗುಳಿ, ಬಂಗಾರಮ್ಮನದೋ, ಗೋಡೆಯ ಮೇಲಿಂದ ನೋಡಿ ಕಲಿತದ್ದು, ದೀನಮ್ಮನದೋ, ತನ್ನ ಹೆಬ್ಬೆರಳನ್ನು ಅದರಲ್ಲಿಟ್ಟ, ಇನ್ನೂ ಬೆಚ್ಚಗಿದೆ, ಖಾಲಿ ಎಂದು ಹೇಳಬೇಕು, ಹೇಳಬೇಕು, ಬೆರಳಿನ ಗುಳಿ, ಬೆಚ್ಚಗಿದೆ, ಬೆರಳಿನ ಗುಳಿ —