ಹಾರ್ಕ್‌ನೆಸ್ ಡಾಕ್ಟರ ಕೋಟು

ಬಾಟಲಿಯೊಳಗಿನ ರಬ್ಬರ್ ಜಿಗಣೆ ಇವತ್ತೂ ತನ್ನನ್ನೇ ನೋಡುತ್ತಿದೆ, ನೋಡಲಿ, ಈ ಕರಿ ಉಣ್ಣೆ ಕೋಟಿನೊಳಗೆ ಇರುವವನು ಯಾರೆಂದು ಅದಕ್ಕಾದರೂ ಗೊತ್ತು — ಗದಗಿನ ಡಾಕ್ಟರ್ ರೇವಣಸಿದ್ದಪ್ಪ, ರೋಗಿಯ ಚಪ್ಪಲಿ ಸಪ್ಪಳ ಕೇಳಿಯೇ ಕಾಯಿಲೆ ಹೇಳುತ್ತಿದ್ದವನು, ಅವನ ದವಾಖಾನೆಯ ರೋಗಿಗಳ ಪಾಳಿ ರೈಲು ಹಳಿ ದಾಟಿ ಹೋಗಿ ಹುಬ್ಬಳ್ಳಿ ಪ್ಯಾಸೆಂಜರ್ ದಿನಾ ಲೇಟಾಗುತ್ತಿತ್ತು, ಎತ್ತುಗಳೂ ಅವನನ್ನು ಕಂಡರೆ ನಾಲಿಗೆ ಚಾಚುತ್ತಿದ್ದವು — ಈಗ ಕೆನಡಾದ ಜಾರ್ಜ್‌ಟೌನ್ ಹತ್ತಿರದ ಈ ಹಳೇಮನೆ ಮ್ಯೂಸಿಯಮ್ಮಿನಲ್ಲಿ, ಸತ್ತು ಶತಮಾನ ಕಳೆದ ಹಾರ್ಕ್‌ನೆಸ್ ಎಂಬ ಊರ ವೈದ್ಯನ ವೇಷ ಹಾಕಿ ನಿಲ್ಲುವ ಕೆಲಸ, ಶನಿವಾರ ಭಾನುವಾರ, ಟೋಪಿ ಸಹಿತ. ಆ ಹಾರ್ಕ್‌ನೆಸ್! ಕುದುರೆ ಉಜ್ಜಿದ ಕೈಯಲ್ಲೇ ಹೆರಿಗೆ ಮಾಡಿಸಿದವ, ಜ್ವರಕ್ಕೂ ರಕ್ತ ತೆಗಿ, ತಲೆನೋವಿಗೂ ರಕ್ತ ತೆಗಿ, ಅವನಿಗೆ ಹಿತ್ತಾಳೆ ಫಲಕ, ಅವನ ಹೆಸರಿಗೊಂದು ರಸ್ತೆ. ತಾನು ಇಲ್ಲಿನ ಪರೀಕ್ಷೆಗಳನ್ನೆಲ್ಲ ನೀರು ಕುಡಿದಂತೆ ಪಾಸು ಮಾಡಿದರೆ, ಕೆನೇಡಿಯನ್ ಎಕ್ಸ್‌ಪೀರಿಯನ್ಸ್ ಇಲ್ಲವಲ್ಲ ಡಾಕ್ಟರ್, ಸಾರಿ ಡಾಕ್ಟರ್, ಡಾಕ್ಟರ್ ಡಾಕ್ಟರ್ ಅನ್ನುತ್ತಲೇ ಆಸ್ಪತ್ರೆಯವರು ಬಾಗಿಲು ಹಾಕಿದರು. ಇಲ್ಲಿನ ಮೇಲ್ವಿಚಾರಕಿಯ ಕಟ್ಟಳೆ ಬೇರೆ, ರೇವ್, ವಿಸಿಟರ್ಸ್‌ನ ಮುಟ್ಟುವಂತಿಲ್ಲ, ಎಷ್ಟು ಸಲ ಹೇಳಬೇಕು — ಯಾರಿದು, ಇಳಕಲ್ ಸೀರೆ, ಮೇಲೆ ಮಗನ ಜಾಕೆಟ್ಟು, ಕೈತುಂಬ ಹಸಿರು ಬಳೆ, ಅಯ್ಯ, ನಮ್ಮ ಕಡಿಯವ್ರೇನ್ರಿ ಡಾಕ್ಟರ್ರ? ಧಾರವಾಡದ ದಾನವ್ವ, ಇಲ್ಲೇ ಎರಿನ್ ಮಿಲ್ಸ್ ಬಡಾವಣೆಯಲ್ಲಿರುವ ಮಗ ನಿಜಗುಣನ ಮನೆಗೆ ಬಂದವಳು, ಕೇಳದೆಯೇ ಕೈ ಚಾಚಿದಳು, ನಮ್ಮ ಮುದುಕಿಯರೇ ಹಾಗೆ, ಡಾಕ್ಟರು ಕಂಡರೆ ಮದುವೆ ಪಂಕ್ತಿಯಲ್ಲೂ ಎಂಜಲು ಕೈ ಒರೆಸಿ ನಾಡಿ ತೋರಿಸುತ್ತಾರೆ. ಕಟ್ಟಳೆ ಹಾಳಾಗಲಿ. ಬಳೆ ಸರಿಸಿ ಹಿಡಿದ. ಒಂದು ಬಡಿತ, ಇನ್ನೊಂದು, ಆಮೇಲೆ ಏನೂ ಇಲ್ಲ, ಆಮೇಲೆ ಶಾಲೆಗೆ ತಡವಾದ ಮಕ್ಕಳಂತೆ ಒಂದರ ಮೇಲೊಂದು ಬಿದ್ದು ಓಡಿ ಬಂದವು — ಅವ್ವಾರ, ದಮ್ಮು ಹತ್ತತದೇನ್ರಿ? ಹೂಂನ್ರಿ, ಮುಂಜಾನಿ ಸ್ವಲ್ಪೊತ್ತು ಎಡಗೈ ಸತ್ಹಂಗಾಗಿತ್ತು, ಬಾಯಾಗ ಮಾತು ತೊದಲಿತ್ತು, ಚಾ ಕುಡದ ಮ್ಯಾಲೆ ಸರಿಹೋತು. ಸರಿಹೋತು! ಈಗಿಂದೀಗ ಎಮರ್ಜೆನ್ಸಿಗೆ ಒಯ್ರಿ, ಲಕ್ವಾ ಹೊಡೀತದ! ಎಂದು ಅವನು ಕೂಗಿದ, ಲೇಕ್ ಒಂಟಾರಿಯೊದ ಆಚೆ ದಂಡೆಗೂ ಕೇಳಿಸಿರಬೇಕು, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಸೊಸೆ ತೃಪ್ತಿ ಕ್ಯಾಮೆರಾ ಎತ್ತಿದಳು, ವಾವ್, ಕನ್ನಡದಾಗೂ ಆ್ಯಕ್ಟಿಂಗ್ ಮಾಡ್ತಾರ. ಆ್ಯಕ್ಟಿಂಗಂತೆ! ಅಲ್ಲವ್ವಾ ತಂಗಿ, ನಾ ಖರೇ ಡಾಕ್ಟರ್. ನಿಜಗುಣ ನಕ್ಕ, ಖರೇ ಡಾಕ್ಟರ್ ಇದ್ರ ಇಲ್ಲ್ಯಾಕ ಟೊಪಿಗಿ ಹಾಕ್ಕೊಂಡು ನಿಂತಿರಿ ಸರ? ನಡಿಬೇ ಯವ್ವಾ, ಐಸ್‌ಕ್ರೀಮ್ ತಿನ್ನೂಣು.

ಸುಳ್ಳಿಗೆ ಕೋಟು ಹೊಲಿಸಿಕೊಟ್ಟರು, ಆ ಕೋಟಿನೊಳಗಿಂದ ನಿಜ ಹೇಳಿದರೆ ಚಪ್ಪಾಳೆ, ಥೂ — ಟೋಪಿ ಎಸೆದ, ಓಡಿದ, ಹಿಂದಿನಿಂದ ರೇವ್! ರೇವ್! ನಿನ್ನ ಕೆಲಸ ಹೋಯಿತು ಅಂದುಕೋ, ಹೋಗಲಿ, ಹಾರ್ಕ್‌ನೆಸ್‌ಗೇ ಕೊಡು, ಪಾರ್ಕಿಂಗ್ ಲಾಟಿನಲ್ಲಿ ವ್ಯಾನು ಹೊರಟೇಬಿಟ್ಟಿದೆ, ಕಿಟಕಿಯಿಂದ ಹೊರಗೆ ಒಂದು ಕೈ, ಹಸಿರು ಬಳೆ, ಹಿಡಿದೇಬಿಟ್ಟ, ಗಾಡಿಯ ಜೊತೆಗೇ ಓಡಿದ, ಕೈ ಬಿಡ್ರಿ ಸರ, ಹುಚ್ಚಗಿಚ್ಚ ಹಿಡದೈತೇನು? ಒಳಗಿನಿಂದ ದಾನವ್ವನ ದನಿ, ನಾಲಿಗೆ ಮತ್ತೆ ತೊದಲುತ್ತಿದೆ, ನಿಂದರಸೋ ನಿಜಾ, ಡಾಕ್ಟರ್ ನಾಡಿ ನೋಡಾಕತ್ತಾರ, ದವಾಖಾನಿಗೆ ತಿರುಗಸು. ಬ್ರೇಕು ಕಿರುಚಿತು. ಡಾಕ್ಟರ್ ಅಂದಳು, ಸಾರಿ ಅನ್ನಲಿಲ್ಲ — ಬೆರಳ ಕೆಳಗೆ ಒಂದು ಬಡಿತ, ಹಸಿರು ಬಳೆ, ಇನ್ನೊಂದು ಬಡಿತ, ಹಸಿರು ಬಳೆ, ಆಮೇಲೆ —